ಬಿಟ್ಟಿ ಸಲಕರಣೆಯ ಬೆಲೆ ಎಷ್ಟು?

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಂಥ ಊರಿನಲ್ಲಿ ಪಿಯುಸಿ ಮುಗಿಸಿದ ಮಗಳು ‘ಅಪ್ಪಾ, ನಾ ಕಂಪ್ಯೂಟರ್ ಕಲೀತೀನಿ’ ಎಂದರೆ ಪಾಲಕರ ಮೊದಲ ಚಿಂತೆ ಖರ್ಚಿನದು. ಶುಲ್ಕ, ಗದಗಿಗೆ ಬಸ್ ಪಾಸು, ಕಂಪ್ಯೂಟರು. ಇಷ್ಟರ ಮೇಲೆ ಸಾಫ್ಟ್‌ವೇರಿಗೂ ಹಣ ತೆರಬೇಕೇ? ವೆಬ್ ತಂತ್ರಾಂಶ ಬರೆಯುವ ಸಲಕರಣೆಗಳ ಮಟ್ಟಿಗೆ ಉತ್ತರ ಸಮಾಧಾನಕರ. ಕಲಿಯುವವರಿಗೆ ಬೇಕಾದದ್ದೆಲ್ಲ ಉಚಿತವಾಗಿಯೇ ಸಿಗುತ್ತದೆ. ಆದರೆ ಲಾಭಕ್ಕೆಂದೇ ಹುಟ್ಟಿದ ಕಂಪನಿಗಳು ಇಷ್ಟು ಉದಾರಿಗಳಾದದ್ದು ಏಕೆ?

1990ರ ದಶಕದಲ್ಲಿ ದೊಡ್ಡ ಕಂಪನಿಗಳ ಸಲಕರಣೆಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. ಅವುಗಳ ಬೆಲೆ ಸಾಮಾನ್ಯರ ಕೈಗೆಟಕುತ್ತಿರಲಿಲ್ಲ. ಈ ನಡುವೆ 1995ರಲ್ಲಿ ಪಿಎಚ್‌ಪಿ ಎಂಬ ಉಚಿತ ಭಾಷೆ ಬಂತು. 2001ರಲ್ಲಿ ಐಬಿಎಂ ‘ಎಕ್ಲಿಪ್ಸ್’ ಅನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಪೈಪೋಟಿ ಬಿಗಿಯಾಯಿತು. ಮೈಕ್ರೋಸಾಫ್ಟ್ ತನ್ನ ‘ವಿಷುಯಲ್ ಸ್ಟುಡಿಯೋ’ದ ಕಿರಿಯ ಆವೃತ್ತಿಯನ್ನು 2006ರಲ್ಲಿ ಕಾಯಂ ಉಚಿತವೆಂದು ಸಾರಿತು. 2014ರ ‘ಕಮ್ಯುನಿಟಿ’ ಆವೃತ್ತಿ ವಿದ್ಯಾರ್ಥಿಗಳಿಗೆ ಪೂರ್ತಿ ಉಚಿತವಾಗಿಯೇ ಬಂತು. 250ಕ್ಕಿಂತ ಹೆಚ್ಚು ಕಂಪ್ಯೂಟರುಗಳಿರುವ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್ ಮೀರಿದ ಆದಾಯದ ಸಂಸ್ಥೆಗಳು ಸಾಮಾನ್ಯವಾಗಿ ದುಡ್ಡು ಕೊಟ್ಟೇ ಬೇರೆ ಆವೃತ್ತಿ ಕೊಳ್ಳಬೇಕು.

ಲೆಕ್ಕಾಚಾರ ಸರಳ. ಕಲಿಯುವಾಗ ಕೈಗೆ ರೂಢಿಯಾದ ಸಲಕರಣೆಯನ್ನೇ ವಿದ್ಯಾರ್ಥಿ ನಾಳೆ ನೌಕರಿಯಲ್ಲೂ ಕೇಳುತ್ತಾನೆ; ಆಗ ಹಣ ತೆರುವವರು ಅವನ ಮಾಲೀಕರು. ಬರೆದ ತಂತ್ರಾಂಶವನ್ನು ಜನರಿಗೆ ತಲುಪಿಸಲು ಬೇಕಾದ ದೂರದ ಕಂಪ್ಯೂಟರುಗಳ ಬಾಡಿಗೆಯಿಂದಲೂ ಕಂಪನಿಗೆ ವರಮಾನವಿದೆ.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ತಂತ್ರಾಂಶಗಳು ಪರಸ್ಪರ ಸರಿಯಾಗಿ ಮಾಹಿತಿ ಕೊಟ್ಟು ತೆಗೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸುವ ‘ಪೋಸ್ಟ್‌ಮ್ಯಾನ್’ ಅನ್ನು ಅಭಿನವ್ ಅಸ್ಥಾನಾ 2012ರಲ್ಲಿ ಉಚಿತವಾಗಿ ಹಂಚಿದರು. ಬಳಕೆದಾರರು ಬೆಳೆದರು, 2014ರಲ್ಲಿ ಇಬ್ಬರು ಜೊತೆಗಾರರೊಡನೆ ಕಂಪನಿ ಕಟ್ಟಿದರು. ಒಬ್ಬರೇ ಬಳಸಿದರೆ ಉಚಿತ, ದೊಡ್ಡ ತಂಡಕ್ಕೆ ತಲಾ ಇಷ್ಟು ಎಂಬ ದರ. 2021ರಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಮೌಲ್ಯ 560 ಕೋಟಿ ಡಾಲರ್!

ಆದರೆ 2023ರಲ್ಲಿ, ಖಾತೆ ತೆರೆಯದೆ ಕೆಲಸ ಮಾಡುವ ‘ಸ್ಕ್ರ್ಯಾಚ್ ಪ್ಯಾಡ್’ ಸೌಲಭ್ಯವನ್ನು ಪೋಸ್ಟ್‌ಮ್ಯಾನ್ ನಿಲ್ಲಿಸಿತು. ಅಸಮಾಧಾನಗೊಂಡ ಹಲವರು, ಕೆಲಸವನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಉಳಿಸುವ ‘ಬ್ರೂನೋ’ದಂಥ ಮುಕ್ತ ತಂತ್ರಾಂಶಗಳತ್ತ ಹೊರಳಿದರು. ಉಚಿತ ಕೊಟ್ಟವರು ಷರತ್ತು ಬದಲಿಸಲೂಬಹುದು ಎಂಬುದೇ ಇದರ ಪಾಠ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್ ಕಲಿಯಿರಿ. ಇವು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಸಲಕರಣೆ ಬದಲಾದರೂ ಕೈಬಿಡವು. ನಿಮ್ಮ ಕೆಲಸದ ಪ್ರತಿ ನಿಮ್ಮಲ್ಲೇ ಇರಲಿ. ‘ಇಷ್ಟು ದಿನ ಉಚಿತ’ ಎಂದು ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳಿದರೆ, ಅವಧಿ ಮುಗಿದ ಮೇಲೆ ಹಣ ತಾನಾಗಿ ಕಡಿತವಾಗುವುದೇ ಎಂದು ವಿಚಾರಿಸಿ. ಪಾಲಕರೂ ಅಷ್ಟೆ: ತರಬೇತಿ ಶುಲ್ಕದಲ್ಲಿ ‘ಸಾಫ್ಟ್‌ವೇರ್ ವೆಚ್ಚ’ ಎಂದಿದ್ದರೆ, ಅದು ಯಾವ ಸಾಫ್ಟ್‌ವೇರು, ವಿದ್ಯಾರ್ಥಿಗಳಿಗೆ ಉಚಿತವಲ್ಲವೇ ಎಂದು ಸಂಕೋಚವಿಲ್ಲದೆ ಕೇಳಿ.

ಬಿಟ್ಟಿ ಸಿಕ್ಕಿದ್ದನ್ನು ಧಾರಾಳವಾಗಿ ಬಳಸಿ. ಕಲಿತ ವಿದ್ಯೆಯನ್ನು ಮಾತ್ರ ಒಂದೇ ಅಂಗಡಿಗೆ ಒತ್ತೆ ಇಡಬೇಡಿ.