ಜೂನ್ 1 ಮೇ 31 ಆದ ಕತೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಟೀಮಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಹಾಗಾಗಿ ಮೂರು ವರ್ಷದ ಹಿಂದೆ ಒಂದು ಸಂಜೆ ಸಪೋರ್ಟ್ ವಿಭಾಗದವರು ಒಂದು ಫೋನ್ ಕರೆಯನ್ನು ನನಗೆ ಜೋಡಿಸಿದರು. ಆ ಕಡೆ ವಿಜಯಪುರ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕರು. ಎರಡು ದಿನ ಬಿಟ್ಟು ಅವರ ಮೊಣಕಾಲಿನ ಆಪರೇಷನ್. ಆದರೆ ಆರೋಗ್ಯ ವಿಮೆಯ ಕ್ಯಾಶ್‌ಲೆಸ್ ಅನುಮತಿ ಸಿಕ್ಕಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1956ರ ಜೂನ್ 1, ವಿಮೆಯ ದಾಖಲೆಯಲ್ಲಿ ಮೇ 31.

"ನಾ ಹುಟ್ಟಿದ್ದು ಯಾವಾಗಂತ ನಮ್ಮವ್ವಗೂ ನೆನಪಿರಲಿಲ್ರಿ. ಸಾಲಿಗೆ ಹಾಕೂ ಮುಂದ ಹೆಡ್‌ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು. ಅರವತ್ತು ವರ್ಷ ಅದ ನಡಕೋತ ಬಂತು. ಈಗ ನೀವು ಅದನ್ನೂ ಬದಲಿ ಮಾಡೀರೇನು?" ಎಂದರು.

ನಗು ಬರುವ ಮಾತು, ಆದರೆ ನನಗೆ ನಗು ಬರಲಿಲ್ಲ. ನಮ್ಮ ಅಪ್ಪನ ಜನ್ಮದಿನವೂ ದಾಖಲೆಯಲ್ಲಿ ಜೂನ್ 1. ಅದಕ್ಕಿಂತ ಹೆಚ್ಚಾಗಿ, ಸದಸ್ಯರ ವಿವರವನ್ನು ಕ್ಲೇಮ್ ನೋಡಿಕೊಳ್ಳುವ ಕಂಪನಿಗೆ ಕಳಿಸುವ ವೆಬ್ ಸರ್ವೀಸ್ ಬರೆದವನು ನಾನೇ. ಅದು ಶುರುವಾಗಿ ಒಂದೇ ವಾರ ಆಗಿತ್ತು.

ಏನಾಯಿತು ಎಂದು ಹೇಳುವ ಮೊದಲು ಸೀರಿಯಲೈಸೇಶನ್ ಎಂದರೇನು ಎಂದು ಹೇಳಬೇಕು. ಪ್ರೋಗ್ರಾಂ ಒಳಗೆ "ಸದಸ್ಯ" ಎಂಬುದು ನಾವೇ ಕಟ್ಟಿಕೊಂಡ ಒಂದು ಆಬ್ಜೆಕ್ಟ್. ಅದರಲ್ಲಿ ಹೆಸರು, ಪಾಲಿಸಿ ನಂಬರ್, ಹುಟ್ಟಿದ ದಿನ, ಕುಟುಂಬದವರ ಪಟ್ಟಿ ಎಲ್ಲ ಇರುತ್ತದೆ. ಅದನ್ನು ಇದ್ದ ಹಾಗೇ ತಂತಿಯ ಮೇಲೆ ಕಳಿಸಲು ಬರುವುದಿಲ್ಲ. ಬಿಚ್ಚಿ, ಅಕ್ಷರಗಳ ಸಾಲಾಗಿ ಮಾಡಿ ಕಳಿಸಬೇಕು. ಆ ಕಡೆಯವರು ಅದನ್ನು ಓದಿ ಮತ್ತೆ ಜೋಡಿಸಿಕೊಳ್ಳಬೇಕು. ಊರು ಬಿಟ್ಟು ಊರಿಗೆ ಮನೆ ಬದಲಿಸಿದ ನಮಗೆಲ್ಲ ಇದು ಗೊತ್ತಿರುವುದೇ. ಮಂಚ ಬಿಚ್ಚಿ ಲಾರಿಗೆ ಹಾಕುವುದು ಸುಲಭ. ಯಾವ ಸ್ಕ್ರೂ ಯಾವ ತೂತಿನದು ಎಂದು ಬರೆದಿಡದಿದ್ದರೆ ಈ ಕಡೆ ಇಳಿಸಿದ ಮೇಲೆ ಪೇಚಾಟ.

ಹಿಂದೆ ಸೋಪ್ ಸರ್ವೀಸುಗಳ ಕಾಲದಲ್ಲಿ ಎಕ್ಸ್‌ಎಂಎಲ್ ಸ್ಕೀಮಾ ಇರುತ್ತಿತ್ತು. ಅದರಲ್ಲಿ ಬರೀ ದಿನಾಂಕಕ್ಕೆ ಒಂದು ಟೈಪ್, ದಿನಾಂಕ ಮತ್ತು ಸಮಯ ಎರಡೂ ಸೇರಿದ್ದಕ್ಕೆ ಇನ್ನೊಂದು. ಬರೆಯಲು ಬೇಸರ, ಆದರೆ ಗೊಂದಲ ಕಡಿಮೆ. ಈಗ ಎಲ್ಲರೂ ಬಳಸುವ ಜೇಸನ್ ಹಗುರ. ಅದರಲ್ಲಿ ಪಠ್ಯ, ಸಂಖ್ಯೆ, ಹೌದು-ಅಲ್ಲ, ನಲ್, ಪಟ್ಟಿ, ಆಬ್ಜೆಕ್ಟ್ ಇಷ್ಟೇ. ದಿನಾಂಕ ಎಂಬ ಟೈಪೇ ಇಲ್ಲ. ಹೇಗೆ ಬರೆಯಬೇಕೆಂದು ನಾವು ಹೇಳದಿದ್ದರೆ ಲೈಬ್ರರಿಯೇ ತನಗೆ ತಿಳಿದಂತೆ ಬರೆಯುತ್ತದೆ.

ನಾನು ಹುಟ್ಟಿದ ದಿನಕ್ಕೆ ಜಾವಾದ ಹಳೆಯ ಡೇಟ್ ಕ್ಲಾಸ್ ಬಳಸಿದ್ದೆ. ಹೆಸರು ಡೇಟ್, ಆದರೆ ಒಳಗಿರುವುದು ದಿನಾಂಕವಲ್ಲ. 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು, ಅಂದರೆ ಕಾಲದ ಒಂದು ಕ್ಷಣ. ಜೂನ್ 1 ಎಂದು ಕೊಟ್ಟರೆ ಅದು ಭಾರತದ ಮಧ್ಯರಾತ್ರಿ 12 ಗಂಟೆ ಎಂದು ಇಟ್ಟುಕೊಂಡಿತು. ಹೊರಗೆ ಬರೆಯುವಾಗ ಲೈಬ್ರರಿ ಅದನ್ನು ಯುಟಿಸಿ ಸಮಯಕ್ಕೆ ಬದಲಿಸಿತು. ಐದೂವರೆ ಗಂಟೆ ಹಿಂದೆ ಹೋದರೆ ಮೇ 31ರ ಸಂಜೆ 6.30! ಆ ಕಡೆಯ ಕಂಪನಿಯವರಿಗೆ ಬೇಕಾದದ್ದು ದಿನಾಂಕ ಮಾತ್ರ. ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರು: 1956-05-31.

ನಮ್ಮ ಟೆಸ್ಟಿಂಗ್‌ನಲ್ಲಿ ಇದು ಯಾಕೆ ಸಿಗಲಿಲ್ಲ? ನಾವೇ ಬರೆದು ನಾವೇ ಓದಿ ನೋಡುತ್ತಿದ್ದೆವು. ಹೋಗುವಾಗ ಕಳೆದ ಐದೂವರೆ ಗಂಟೆ ಬರುವಾಗ ಕೂಡುತ್ತಿತ್ತು, ಲೆಕ್ಕ ಸರಿಯಾಗುತ್ತಿತ್ತು. ಇನ್ನೊಂದು ವಿಚಿತ್ರ ನೋಡಿ. ಇದೇ ಕೋಡ್ ನ್ಯೂಯಾರ್ಕಿನ ಸಮಯದಲ್ಲಿ ಓಡಿದ್ದರೆ ತಪ್ಪು ಕಾಣುತ್ತಲೇ ಇರಲಿಲ್ಲ. ಅಲ್ಲಿಯ ಮಧ್ಯರಾತ್ರಿ ಯುಟಿಸಿಯಲ್ಲಿ ಅದೇ ದಿನದ ಬೆಳಗಿನ ಜಾವ. ಗ್ರೀನಿಚ್‌ಗೆ ಪೂರ್ವದಲ್ಲಿರುವ ನಮಗೆ ಮಾತ್ರ ಒಂದು ದಿನ ಹೋಗುತ್ತದೆ.

ಆ ಸಂಜೆಯೇ ಆ ಕಡೆಯ ಟೀಮಿಗೆ ಫೋನ್ ಮಾಡಿ ಮಾಸ್ತರ ದಾಖಲೆಯನ್ನು ಕೈಯಿಂದ ತಿದ್ದಿಸಿದೆವು. ಮರುದಿನ ಮಧ್ಯಾಹ್ನ ಅನುಮತಿ ಬಂತು. ಒಂದು ವಾರದಲ್ಲಿ ಹೋಗಿದ್ದ ಉಳಿದ ದಾಖಲೆಗಳನ್ನೆಲ್ಲ ಮತ್ತೆ ಕಳಿಸಬೇಕಾಯಿತು. ಮೊದಲಿಗೆ "ನೀವು ಕತ್ತರಿಸಿದ್ದು ತಪ್ಪು" ಎಂದು ಅವರೊಡನೆ ವಾದ ಮಾಡಿದ್ದೆ. ಆಮೇಲೆ ಹೊಳೆಯಿತು: ಹುಟ್ಟಿದ ದಿನಕ್ಕೆ ಗಂಟೆ-ನಿಮಿಷ ಅಂಟಿಸಿ ಕಳಿಸಿದವನು ನಾನು.

ಪರಿಹಾರ ಕಷ್ಟದ್ದಲ್ಲ. 2014ರಲ್ಲಿ ಬಂದ ಜಾವಾ 8ರಿಂದ ಲೋಕಲ್‌ಡೇಟ್ ಎಂಬ ಕ್ಲಾಸ್ ಇದೆ. ಅದರಲ್ಲಿ ವರ್ಷ, ತಿಂಗಳು, ದಿನ ಮಾತ್ರ. ಆದರೆ ಹಳೆಯ ರೂಪವನ್ನೇ ನಂಬಿದ್ದ ಬೇರೆ ಸಿಸ್ಟಮ್‌ಗಳೂ ಇದ್ದವು, ಥಟ್ಟನೆ ಬದಲಿಸಿದರೆ ಅವು ನಿಲ್ಲುತ್ತಿದ್ದವು. ಹಾಗಾಗಿ ಹೊಸ ಫೀಲ್ಡ್ ಸೇರಿಸಿ, ಹಳೆಯದನ್ನು ಆರು ತಿಂಗಳು ಜೊತೆಗೇ ಇಟ್ಟು, ಎಲ್ಲರೂ ಬದಲಾದ ಮೇಲೆ ತೆಗೆದೆವು.

ದಿನಾಂಕ ಒಂದೇ ಅಲ್ಲ, ಸಂಖ್ಯೆಯೂ ಹೀಗೇ ಕೈಕೊಡುತ್ತದೆ. ಜಾವಾಸ್ಕ್ರಿಪ್ಟ್ 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳನ್ನು ನಂಬಿಕೆಯಿಂದ ಹಿಡಿದಿಡಲಾರದು, ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಟ್ವಿಟರ್ ಕೂಡ ಇದೇ ಕಾರಣಕ್ಕೆ ಟ್ವೀಟ್ ನಂಬರನ್ನು ಪಠ್ಯರೂಪದಲ್ಲಿಯೂ ಕಳಿಸಲು ಶುರುಮಾಡಿತು. ಕೂಡಿಸಿ ಕಳೆಯದ ಪಾಲಿಸಿ ನಂಬರ್, ಖಾತೆ ನಂಬರ್‌ಗಳನ್ನು ಪಠ್ಯವಾಗಿಯೇ ಕಳಿಸುವುದು ಕ್ಷೇಮ.

ಈಗ ನಮ್ಮಲ್ಲಿ ಒಂದು ನಿಯಮ ಇದೆ. ಆಬ್ಜೆಕ್ಟ್ ಹೋಗಿ ಬಂದರೆ ಸಾಲದು, ತಂತಿಯ ಮೇಲೆ ಹೋಗುವ ಪಠ್ಯ ಅಕ್ಷರ ಅಕ್ಷರ ಸರಿಯಿದೆಯೇ ಎಂದು ಟೆಸ್ಟ್ ನೋಡಬೇಕು. ಆ ಟೆಸ್ಟಿನಲ್ಲಿ ಇಟ್ಟಿರುವ ದಿನಾಂಕ 1956-06-01. ಹೊಸದಾಗಿ ಸೇರಿದವರು "ಇದೇ ದಿನ ಯಾಕೆ ಸರ್?" ಎಂದು ಕೇಳುತ್ತಾರೆ. ಚಹಾಕ್ಕೆ ಕರೆದುಕೊಂಡು ಹೋಗಿ ಮಾಸ್ತರ ಕತೆ ಹೇಳುತ್ತೇನೆ.