ಹಿಡಿತದ ಬಲ: ಕೀಲು ಬಾಗಿದಂತೆ ಲೆಕ್ಕವೂ ಬದಲು

ಬೆಂಗಳೂರು: ಗಿರಿನಗರದ ವ್ಯಾಯಾಮಶಾಲೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಅದುಮುವ ಯುವಜನರು ಮೊದಲು ಗಮನಿಸಬೇಕಾದದ್ದು ತೋಳಿನ ಭಂಗಿಯನ್ನು.

ಬೆರಳು ಮಡಿಸುವ ಪ್ರಮುಖ ಸ್ನಾಯುಗಳಿರುವುದು ಮುಂಗೈಯಲ್ಲಿ. ಅವುಗಳ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳು ಸೇರುತ್ತವೆ. ಮಣಿಕಟ್ಟು ಒಳಕ್ಕೆ ಬಾಗಿದರೆ ಸ್ನಾಯುಗಳು ಮೊದಲೇ ಕುಗ್ಗಿ ಹಿಡಿತ ಸಡಿಲಗೊಳ್ಳುತ್ತದೆ. ತುಸು ಹಿಂದಕ್ಕೆ ಬಾಗಿದಾಗ ಬಲ ಹೆಚ್ಚು. ಮೊಣಕೈ, ಭುಜಗಳ ಕೋನವೂ ಅಂಕಿಯನ್ನು ಬದಲಿಸಬಲ್ಲದು. ಆದ್ದರಿಂದಲೇ ಕುಳಿತು, ತೋಳನ್ನು ಪಕ್ಕೆಗೆ ತಂದು, ಮೊಣಕೈಯನ್ನು 90 ಡಿಗ್ರಿ ಮಡಿಸಿ ಅಳೆಯುವ ಪ್ರಮಾಣಿತ ವಿಧಾನ ರೂಢಿಯಲ್ಲಿದೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗಿಯಾಗಿದ್ದ, 17 ದೇಶಗಳ 'ಪ್ಯೂರ್' ಅಧ್ಯಯನದ 2015ರ ವರದಿಯಂತೆ, 35ರಿಂದ 70 ವಯೋಮಾನದವರಲ್ಲಿ ಹಿಡಿತದ ಬಲ 5 ಕೆ.ಜಿ. ತಗ್ಗಿದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಅಧಿಕ. ಭಂಗಿ ತಪ್ಪಿದರೆ ಆರೋಗ್ಯವಂತರೂ ದುರ್ಬಲರೆಂದು ಕಾಣಬಹುದು. ಪ್ರತಿ ಬಾರಿಯೂ ಒಂದೇ ಭಂಗಿಯಲ್ಲಿ ಅಳೆಯುವುದು ಅವಶ್ಯ.