ಕೊಂಡವನಿಗೆ ಚೀಟಿ ಆಯ್ತು, ಬೆಳೆದವನಿಗೆ?

ಶಿರಸಿ: ಬೆರಳೆರಡು ಅಗಲದ ಕಾಗದ. ಅದರೊಳಗೆ ಒಬ್ಬ ವ್ಯಾಪಾರಿಯ ಇಡೀ ಬಾಳು, ದಾಟಿದ ಸಮುದ್ರ, ಸುತ್ತಿದ ಊರು ಎಲ್ಲವೂ ಹಿಡಿಸಬೇಕು. ಅಂಚೆಚೀಟಿ ಬರೆಯುವ ಕಲಾವಿದನ ಪಾಡು ಇದು!

ಮಾರ್ಕೊ ಪೋಲೋ ಹುಟ್ಟಿ 700 ವರ್ಷವಾಯಿತೆಂದು ಇಟಲಿ 1954ರಲ್ಲಿ ಚೀಟಿ ತಂದಿತು. ವೆನಿಸ್ಸಿನ ಸಿಂಹ, ಚೀನದ ಡ್ರ್ಯಾಗನ್ ಕಂಬ, ಜೊತೆಗೆ ಮಾರ್ಕೊ. ಹೊರಟ ಊರು, ಮುಟ್ಟಿದ ಊರು ಎರಡೂ ಹೇಳಿಯಾಯ್ತು. ದಾರಿಯಲ್ಲಿ ಕಂಡ ಮಲಬಾರಿನ ಮೆಣಸಿಗೆ ಮಾತ್ರ ಜಾಗ ಸಿಗಲಿಲ್ಲ.

ಅಂಥವನೇ ಒಬ್ಬ ಕರ್ನಾಟಕಕ್ಕೂ ಬಂದು ಹೋಗಿದ್ದಾನೆ. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್. 15ನೇ ಶತಮಾನದಲ್ಲಿ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲಿಗೆ ಬಂದಿಳಿದ. ಜುನ್ನಾರಿನ ಖಾನ ಆ ಕುದುರೆಯನ್ನೇ ಕಿತ್ತುಕೊಂಡ. ಮತ ಬದಲಿಸಿದರೆ ಕೊಡುತ್ತೇನೆ ಅಂದ. ಪರಿಚಯದವನೊಬ್ಬ ನಡುವೆ ಬಿದ್ದು ಬಿಡಿಸಿಕೊಟ್ಟ. ಕುದುರೆ ಕೊನೆಗೆ ಮಾರಾಟವಾದದ್ದು ಬೀದರಿನಲ್ಲಿ. ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಕಾಲ ಅದು.

ಇವನ ಚೀಟಿ ಬರೆಯುವುದಾದರೆ ಮುಖ ಎಲ್ಲಿಂದ ತರೋದು? ಅವನ ಕಾಲದ ಚಿತ್ರವೇ ಇಲ್ಲ. ತ್ವೇರ್ ನಗರದಲ್ಲಿ 1955ರಲ್ಲಿ ನಿಲ್ಲಿಸಿದ ಪ್ರತಿಮೆಯೂ ಶಿಲ್ಪಿಗಳ ಊಹೆ. ಹಾಗಾಗಿ ಮುಖ ಬಿಟ್ಟು ಕಥೆ ಬರೆಯಬೇಕು. ಒಂದರಲ್ಲಿ ಕುದುರೆ, ಒಂದರಲ್ಲಿ ಬೀದರ ಕೋಟೆ, ಒಂದರಲ್ಲಿ ಹಿಂದಿರುಗುವಾಗ ಹತ್ತಿದ ದಾಭೋಳ ಬಂದರು. ಇನ್ನೊಂದರಲ್ಲಿ?

ಇನ್ನೊಂದರಲ್ಲಿ ಮೆಣಸು. ಈ ದೇಶದಲ್ಲಿ ಮೆಣಸು, ಬಣ್ಣ ಅಗ್ಗ. ಆದರೆ ಸುಂಕ ಬಹಳ, ಕಳ್ಳರ ಕಾಟವೂ ಬಹಳ ಎಂದು ಅವನು ಗೊಣಗಿದ್ದಾನೆ. ಅವನೇನೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾಲಿಟ್ಟವನಲ್ಲ. ಆದರೂ ಆ ಮಾತು ಇಲ್ಲಿಯ ತೋಟದವರಿಗೆ ತಾಗಬೇಕು. ಕೊಂಡವನಿಗೆ ಅಗ್ಗ ಅನ್ನಿಸಿದ್ದು ಬೆಳೆದವನಿಗೆ ಏನು ಉಳಿಸಿತ್ತು? ಆ ಲೆಕ್ಕವನ್ನು ಅವನು ಬರೆದಿಡಲಿಲ್ಲ.

ಘಟ್ಟದ ಮೆಣಸು ಗೇರುಸೊಪ್ಪೆ ಹಾದು ಹೊನ್ನಾವರಕ್ಕೆ ಇಳಿದು ಹಡಗು ಹತ್ತುತ್ತಿತ್ತು. ಆ ವ್ಯಾಪಾರದ ಒಡತಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದರು. ಅಂಚೆ ಇಲಾಖೆ 2009ರಲ್ಲಿ ಮಸಾಲೆ ಪದಾರ್ಥಗಳ ಚೀಟಿಯಲ್ಲಿ ಕಾಳುಮೆಣಸನ್ನು ತಂದಿತು. 2025ರಲ್ಲಿ ರಾಣಿಯ ಚೀಟಿಯೂ ಬಂತು. ಸಂತೋಷ. ಕಾಳಿಗಾಯ್ತು, ರಾಣಿಗಾಯ್ತು. ಅಡಿಕೆ ಮರಕ್ಕೆ ಏಣಿ ಹಾಕಿ ಬಳ್ಳಿಗೆ ಕೈ ಚಾಚಿದವನು, ಅಂಗಳದಲ್ಲಿ ಕಾಳು ಒಣಗಿಸಿ ಮಳೆ ಮೋಡ ಕಂಡಾಗ ಓಡಿ ಬಂದು ಬಾಚಿದವಳು? ಕರಿಮಲ್ಲಿಗೆಸರದಂಥ ಊರ ತಳಿಯನ್ನು ಸೊರಗು ರೋಗದ ನಡುವೆಯೂ ಉಳಿಸಿಕೊಂಡವರು?

ಸ್ಮರಣಾರ್ಥ ಚೀಟಿ ಸುಲಭಕ್ಕೆ ಸಿಗುವುದಲ್ಲ. ಅರ್ಜಿ ದಿಲ್ಲಿಗೆ ಹೋಗಬೇಕು, ಸಲಹಾ ಸಮಿತಿ ಒಪ್ಪಬೇಕು. ಎಷ್ಟೋ ಮೊದಲೇ ಕೇಳಿಡಬೇಕು. ಆದರೆ ವಿಶೇಷ ಲಕೋಟೆ, ಅದಕ್ಕೊಂದು ಚಿತ್ರದ ಮುದ್ರೆ ಬೆಂಗಳೂರಿನ ಅಂಚೆ ವೃತ್ತದ ಮಟ್ಟದಲ್ಲೇ ಆಗುವ ಕೆಲಸ. ಶಿರಸಿಯಲ್ಲಿ ಅಂಚೆ ವಿಭಾಗದ ಕಚೇರಿಯೇ ಇದೆ. ಕೇಳುವವರು ಬೇಕು ಅಷ್ಟೆ.

ಚಿತ್ರ ಬರೆಯಲು ದೂರದ ಕಲಾವಿದನೇ ಬೇಕೆಂದಿಲ್ಲ. ತೋಟದಂಚಿನ ಶಾಲೆಯ ಮಕ್ಕಳ ಕೈಗೆ ಬಣ್ಣ ಕೊಟ್ಟು ನೋಡಲಿ. ಹಡಗು ಬರೆಯಲು ಅವರಿಗೆ ಕಷ್ಟವಾದೀತು. ಏಣಿ ಮಾತ್ರ ಸರಿಯಾಗೇ ಬರೆದಾರು!